ವಿಶೇಷ ಆವೃತ್ತಿಯ ಮೈಮೇಲಿನ ಪ್ಲಾಸ್ಟಿಕ್ ಕವರಿನ ಸನ್ನಿಧಾನಕ್ಕೆ

ಮಾನ್ಯರೇ,

ಶಂಕರಪುರಂ ನಿವಾಸಿ, ವಿಮಾ ಕಚೇರಿಯ ನಿವೃತ್ತ ಸೂಪರಿಂಟೆಂಡೆಂಟ್, ವಯಸ್ಸು ಎಪ್ಪತ್ತೊಂದು, ಹೆಂಡತಿಯನ್ನು ಕಳೆದುಕೊಂಡು ಒಂದೂವರೆ ವರ್ಷವಾದ ರಾಮಾನುಜ ಎಂಬ ನಾನು ತಮಗೆ ಸಾಷ್ಟಾಂಗ ನಮಸ್ಕಾರಗಳನ್ನು, ಮಂಡಿನೋವಿನ ನಿಮಿತ್ತ ಕುರ್ಚಿಯಲ್ಲಿ ಕುಳಿತೇ, ಸಲ್ಲಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ತಮ್ಮ ಸೇವೆಯ ಬಗ್ಗೆ ನನ್ನದೊಂದು ದೂರಿದೆ. ಆದರೆ ಹಾಡಿ ಹೊಗಳದೆ ನೇರ ದೂರಿಗೆ ಇಳಿಯುವ ಅಭ್ಯಾಸ ನಮ್ಮ ಕಚೇರಿಯಲ್ಲಿ ಇರಲಿಲ್ಲವಾದ್ದರಿಂದ ಮೊದಲು ಹೊಗಳುತ್ತೇನೆ.

ಸಾಮಾನ್ಯ ಪುಸ್ತಕ, ಪಾಪ, ಅಂಗಡಿಯ ಕಪಾಟಿನಲ್ಲಿ ಬರಿಮೈಯಲ್ಲಿ ನಿಂತಿರುತ್ತದೆ. ದಾರಿಯಲ್ಲಿ ಹೋಗುವವರು ಒಳಗೆ ಬಂದು ನಾಲ್ಕು ಪುಟ ಓದಿ, ಮೂಗೊರೆಸಿಕೊಂಡು ಹೋಗಬಹುದು. ವಿಶೇಷ ಆವೃತ್ತಿ ಹಾಗಲ್ಲ. ಬಟ್ಟೆಯ ರಟ್ಟು, ಚಿನ್ನದ ಬಣ್ಣದ ಅಂಚು, ಒಳಗಿನಿಂದ ಇಣುಕುವ ರೇಷ್ಮೆ ದಾರ, ಇವೆಲ್ಲದರ ಮೇಲೆ ಬಿಗಿಯಾಗಿ ತಾವು. ಎಲ್ಲವನ್ನೂ ತೋರಿಸಿ ಯಾವುದನ್ನೂ ಓದಗೊಡದ ತಮ್ಮ ಆಡಳಿತಕೌಶಲ್ಯವನ್ನು ಕಂಡು, ಮೂವತ್ತಾರು ವರ್ಷ ಸರ್ವೀಸು ಮಾಡಿದ ನನಗೇ ಅಸೂಯೆಯಾಗಿದೆ.

ನಾನು ತಮ್ಮ ಕುಲದ ಹಳೆಯ ಭಕ್ತ. ನಮ್ಮ ಮನೆಯ ಟಿವಿ ರಿಮೋಟು ಇಂದಿಗೂ ಅದು ಬಂದ ಕವರಿನಲ್ಲೇ ಇದೆ. ಯಾವ ಗುಂಡಿ ಯಾವುದೆಂದು ಕಾಣದೆ ನಾನು ಅಂದಾಜಿನ ಮೇಲೆ ಒತ್ತುವುದರಿಂದ ಎಷ್ಟೋ ಸಲ ಕೃಷಿ ಕಾರ್ಯಕ್ರಮಗಳನ್ನು ಪೂರ್ತಿ ನೋಡಿದ್ದೇನೆ. ಸ್ಕೂಟರಿನ ಸೀಟಿನ ಕವರನ್ನು ಹನ್ನೊಂದು ವರ್ಷ ತೆಗೆಯಲಿಲ್ಲ, ಸ್ಕೂಟರು ಮಾರುವಾಗ ಕೊಂಡವನು ತೆಗೆದ. ಒಳಗೆ ಸೀಟು ಹೊಸದಾಗಿ ಹೊಳೆಯುತ್ತಿತ್ತು. ನಾನು ಒಂದು ದಿನವೂ ಕೂರದ ಆ ಸೀಟಿನ ಮೇಲೆ ಅವನು ಕೂತು ಹೊರಟೇ ಹೋದ.

ನನ್ನ ಹೆಂಡತಿ ಭಾಗೀರಥಮ್ಮ ಬೇರೆಯೇ ಪಂಥ. ದಸರಾ ರಜಕ್ಕೆ ಮಕ್ಕಳಿಗೆ ಪುಸ್ತಕ ಉಡುಗೊರೆ ಕೊಡುವುದು ನಮ್ಮ ಮನೆಯಲ್ಲಿ ಅವಳು ಹಾಕಿದ ಪದ್ಧತಿ, ಮತ್ತು ತಾನು ಓದದ ಪುಸ್ತಕವನ್ನು ಅವಳು ಯಾರಿಗೂ ಕೊಟ್ಟವಳಲ್ಲ. ಊಟವಾದ ಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬೈಂಡು ಸಡಿಲವಾಗಬಾರದೆಂದು ಪುಸ್ತಕವನ್ನು ನಾಲ್ಕು ಬೆರಳಷ್ಟೇ ಅಗಲಿಸಿ, ತೊಟ್ಟಿಲಲ್ಲಿ ಮಗು ಮಲಗಿದೆಯಾ ಎಂದು ಬಾಗಿಲ ಸಂದಿಯಲ್ಲಿ ಇಣುಕುವವರ ಹಾಗೆ ಓದುತ್ತಿದ್ದಳು. ಗುರುತಿಗೆ ಗೋಡೆಯ ಕ್ಯಾಲೆಂಡರಿನಿಂದ ಹರಿದ ದಿನದ ಹಾಳೆ. ಆಮೇಲೆ ಮಲ್ಲೇಶ್ವರದಿಂದ ನಮ್ಮ ಮಗಳು ದೀಪ್ತಿಯ ಜೊತೆ ಬಂದ ಮೊಮ್ಮಗಳು ಆರಾಧನಾಗೆ ಪುಸ್ತಕ ಕೊಡುತ್ತ, ಮೊದಲು ನಲವತ್ತೊಂದನೇ ಪುಟ ತೆಗೀ, ಅಲ್ಲೊಂದು ಕಪ್ಪೆ ಇದೆ, ಎನ್ನುವಳು. ಮಗು ಅಲ್ಲೇ ಕೂತು ಕಪ್ಪೆಯನ್ನು ಮುಗಿಸಿ ಆಮೇಲೆ ಒಂದನೇ ಪುಟಕ್ಕೆ ಹೋಗುತ್ತಿತ್ತು.

ನಾನು ಓದುಗನಲ್ಲ ಎಂದು ತಾವು ತಿಳಿಯಬಾರದು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು 'ದಿ ಪ್ಲೆಷರ್ಸ್ ಆಫ್ ರೀಡಿಂಗ್' ಎಂಬ ಪ್ರಬಂಧವನ್ನು ಬರೆಸಿದ್ದರು, ನಾನದನ್ನು ಬಾಯಿಪಾಠ ಮಾಡಿದ್ದೆ. ಅದರ ಮೊದಲ ವಾಕ್ಯ 'ದಿ ಪ್ಲೆಷರ್ಸ್ ಆಫ್ ರೀಡಿಂಗ್ ಆರ್ ಮ್ಯಾನಿಫೋಲ್ಡ್', ಅಂದರೆ ಓದಿನ ಸುಖಗಳು ನಾನಾ ಬಗೆಯವು. ಕೊನೆಯ ವಾಕ್ಯ 'ಹೆನ್ಸ್ ವಿ ಷುಡ್ ಆಲ್ ರೀಡ್'. ನಡುವಿನದು ಮರೆತಿದೆ. ಈ ಎರಡು ವಾಕ್ಯಗಳ ಬಲದ ಮೇಲೆ ನಾನು ಐವತ್ತು ವರ್ಷ ವಿದ್ಯಾವಂತನಾಗಿ ಓಡಾಡಿದ್ದೇನೆ.

ಒಂಬತ್ತು ವರ್ಷದ ಹಿಂದೆ, ಭಾಗೀರಥಿಗೆ ಅರವತ್ತು ತುಂಬಿದ ದಿನ, ಸಮುದ್ರಯಾನದ ಕಥೆಗಳ ವಿಶೇಷ ಆವೃತ್ತಿಯೊಂದನ್ನು ತಂದುಕೊಟ್ಟೆ. ನೀಲಿ ಬಟ್ಟೆಯ ರಟ್ಟು, ಬೆಳ್ಳಿ ಬಣ್ಣದ ಹಡಗು, ಮೇಲೆ ತಾವು. ಅವಳು ಉಗುರು ಹಾಕಲು ಹೊರಟಾಗ ನಾನು ತಡೆದು, ಬೇಡ, ಅಂದ ಹಾಳಾಗುತ್ತೆ, ಎಂದು ಷೋಕೇಸಿನಲ್ಲಿ ಗಣಪತಿಯ ಪಕ್ಕ ನಿಲ್ಲಿಸಿದೆ. ಬಂದವರಿಗೆಲ್ಲ ತೋರಿಸಿ, ಇನ್ನೂ ತೆರೆದೇ ಇಲ್ಲ ನೋಡಿ, ಎಂದು ಬೀಗುತ್ತಿದ್ದೆ. ಅವಳು ಕಾಫಿ ಲೋಟ ಜೋಡಿಸುತ್ತ ತಲೆ ತಗ್ಗಿಸಿ ನಗುತ್ತಿದ್ದಳು. ಸಂಕೋಚ ಎಂದುಕೊಂಡಿದ್ದೆ.

ಈಗ ದೂರಿಗೆ ಬರುತ್ತೇನೆ. ಅವಳಿಲ್ಲದ ಮೊದಲ ದಸರಾ, ಅಂದರೆ ಕಳೆದ ವರ್ಷ, ಪುಸ್ತಕ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯಲ್ಲಿ ಇದ್ದುದರಲ್ಲಿ ಸುಂದರವಾದದ್ದನ್ನು ಕೊಂಡುತಂದು, ತಮ್ಮ ಸಮೇತ, ಆರಾಧನಾ ಕೈಗಿತ್ತೆ. ಒಂಬತ್ತು ವರ್ಷದ ಮಗು ತಿರುಗಿಸಿ ಮುರುಗಿಸಿ ನೋಡಿ, 'ಯಾವ ಪುಟ, ತಾತ?' ಅಂತು. ಎಲ್ಲ ಪುಟವೂ ಚೆನ್ನಾಗಿದೆ ಎಂದೆ. ಪ್ಲೆಷರ್ಸ್ ಮ್ಯಾನಿಫೋಲ್ಡ್ ಎಂದೂ ಹೇಳಿದೆನೆಂದು ಕಾಣುತ್ತದೆ. 'ನೀವು ಓದೇ ಇಲ್ಲ ಅಲ್ವಾ' ಎಂದು ಅದನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡಿತು. ಆ ಪುಸ್ತಕ ಒಂದು ವರ್ಷ ಅವರ ಮನೆಯ ಟಿವಿ ಪಕ್ಕದಲ್ಲಿ, ತಾವು ಕಿಂಚಿತ್ತೂ ಸುಕ್ಕಾಗದಂತೆ, ಕೂತಿತ್ತು. ಅಜ್ಜಿ ಹತ್ತು ಬೆರಳಲ್ಲಿ ಕಟ್ಟಿದ ಪದ್ಧತಿಯನ್ನು ತಾತ ಒಂದೇ ಮಧ್ಯಾಹ್ನದಲ್ಲಿ ಷೋಕೇಸಿಗೆ ಸೇರಿಸಿದ್ದ.

ಆದ್ದರಿಂದ ಈ ವರ್ಷ, ಹಬ್ಬಕ್ಕೆ ನಾಲ್ಕು ದಿನ ಮುಂಚೆ, ಗಾಂಧಿ ಬಜಾರಿನ ಒಂದು ಪುಸ್ತಕದಂಗಡಿಗೆ ಹೋಗಿ ಎರಡು ಗಂಟೆ ನಿಂತೆ. ಅಂಚಿಗೆ ಚಿನ್ನ ಹಚ್ಚಿದ್ದು, ಪೆಟ್ಟಿಗೆಯೊಳಗೆ ಕೂತದ್ದು, ರಟ್ಟಿನ ಮೇಲೆ ನವಿಲು ಉಬ್ಬಿದ್ದು, ಎಲ್ಲವನ್ನೂ ತಮ್ಮ ಮೂಲಕವೇ ದರ್ಶನ ಮಾಡಿದೆ. ಅಂಗಡಿಯ ಮಹಾನಂದ ಅವರನ್ನು, ಒಂದೇ ಪುಟ ನೋಡಬಹುದೇ ತಾಯಿ, ಎಂದು ಕೇಳಿದೆ. ಕವರು ಹರಿದರೆ ನೀವೇ ತಗೋಬೇಕಾಗುತ್ತೆ ಸಾರ್, ಎಂದರು. ಆಮೇಲೆ ಮರುಕದಿಂದ ಹಿಂಬದಿಯ ನಾಲ್ಕು ಸಾಲು ಓದಿಕೊಂಡು ಹೋಗಿ ಎಂದರು. ಇಷ್ಟು ವರ್ಷ ನಾನು ಬದುಕಿದ್ದೇ ಹಿಂಬದಿಯ ನಾಲ್ಕು ಸಾಲಿನಲ್ಲಿ ಎಂದು ಅವರಿಗೆ ಹೇಗೆ ಹೇಳಲಿ?

ಅಲ್ಲೇ ನಿಂತು ತಮಗೆ ಕೆಲವು ಕೋರಿಕೆಗಳನ್ನು ಮನಸ್ಸಿನಲ್ಲಿ ಸಿದ್ಧಪಡಿಸಿದೆ. ತಾವು ದಯಮಾಡಿ ಒಳಪುಟಗಳಿಗೂ ಪಾರದರ್ಶಕತೆಯನ್ನು ವಿಸ್ತರಿಸಬೇಕು. ಅದಾಗದಿದ್ದರೆ, ಕಪ್ಪೆ ಎಷ್ಟನೇ ಪುಟದಲ್ಲಿದೆ ಎಂದು ತಮ್ಮ ಮೇಲೆ ಅಚ್ಚು ಹಾಕಿಸಿಕೊಳ್ಳಬೇಕು. ಅದೂ ಆಗದಿದ್ದರೆ, ಓದದ ತಾತಂದಿರಿಗೂ ಅಳತೆಗೆ ಸರಿಯಾದ ಕವರೊಂದನ್ನು ಸರಬರಾಜು ಮಾಡಬೇಕು, ನಾವೂ ಷೋಕೇಸಿನಲ್ಲಿ ಗಣಪತಿಯ ಪಕ್ಕ ನಿಲ್ಲುತ್ತೇವೆ.

ಬರಿಗೈಯಲ್ಲಿ ಮನೆಗೆ ಬಂದು ನೀಲಿ ಪುಸ್ತಕವನ್ನು ಕೆಳಗಿಳಿಸಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಅದನ್ನು ತಲೆಕೆಳಗು ಮಾಡಿ ನೋಡಿದೆ. ಮಾನ್ಯರೇ, ತಳದಲ್ಲಿ ತಾವು ಉದ್ದಕ್ಕೆ, ಬ್ಲೇಡಿನಿಂದ, ಗೆರೆ ಎಳೆದಷ್ಟು ನೇರವಾಗಿ ಕೊಯ್ಯಲ್ಪಟ್ಟಿದ್ದಿರಿ. ಆ ಗೆರೆಯ ಮೇಲೆ ನಾಲ್ಕು ತುಂಡು ಸೆಲೋಟೇಪು, ಹಳದಿಯಾಗಿತ್ತು.

ಒಳಗಿನ ಕ್ಯಾಲೆಂಡರ್ ಹಾಳೆಯಲ್ಲಿದ್ದ ತಾರೀಖು ಅವಳ ಹುಟ್ಟುಹಬ್ಬದ ನಂತರದ ನಾಲ್ಕನೇ ದಿನ. ಅಂದರೆ ಮೂರು ದಿನ ನನ್ನ ಮಾತಿಗೆ ಬೆಲೆ ಕೊಟ್ಟಿದ್ದಾಳೆ. ನಮ್ಮ ದಾಂಪತ್ಯದಲ್ಲಿ ಇದು ದಾಖಲೆ. ಹಾಳೆ ಇದ್ದದ್ದು ಎಂಬತ್ತೇಳನೇ ಪುಟದಲ್ಲಿ. ಹೊಸ ದುರ್ಬೀನು ಮಾಸೀತೆಂದು ಅದರ ಚರ್ಮದ ಚೀಲವನ್ನು ಎಂದೂ ಬಿಚ್ಚದೆ, ಹುಡುಕಿ ಹೊರಟ ದ್ವೀಪದ ಪಕ್ಕದಲ್ಲೇ ಹನ್ನೆರಡು ವರ್ಷ ಹಾದುಹೋದ ಕಪ್ತಾನನೊಬ್ಬ ಅಲ್ಲಿದ್ದಾನೆ. ಅವನ ಎದುರು ಅಂಚಿನಲ್ಲಿ ಪೆನ್ಸಿಲಿನಿಂದ, ಅವಳ ದುಂಡು ಅಕ್ಷರದಲ್ಲಿ, ಒಂದೇ ಮಾತು: 'ಇವರು.'

ಕುರ್ಚಿಯಿಂದ ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಮಂಡಿನೋವು.

ಹಬ್ಬದ ದಿನ ಆರಾಧನಾಗೆ ಆ ಪುಸ್ತಕವನ್ನೇ ತಮ್ಮನ್ನು ಕಳಚಿ ಕೊಟ್ಟೆ. ಎಂಬತ್ತೇಳನೇ ಪುಟ ತೆಗಿಯಮ್ಮ, ಅಲ್ಲಿ ನಾನಿದ್ದೀನಿ, ಎಂದೆ. ನಿಂತಲ್ಲೇ ಓದಿತು. ಅಂಚು ನೋಡಿ ಅದು ನಕ್ಕ ರಭಸಕ್ಕೆ ದೀಪ್ತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು, ತಾನೂ ಓದಿದಳು, ನಕ್ಕಳು, ಆಮೇಲೆ ಸೌಟು ಕೆಳಗಿಟ್ಟು ಆ ಪೆನ್ಸಿಲಿನ ಮಾತನ್ನು ಬೆರಳಲ್ಲಿ ಮುಟ್ಟಿದಳು. ಮಗು ಬ್ಯಾಗಿನಿಂದ ಕಳೆದ ವರ್ಷದ ಪುಸ್ತಕವನ್ನು ತೆಗೆದು ನನ್ನ ಮಡಿಲಲ್ಲಿಟ್ಟು, 'ಇದನ್ನ ವಾಪಸ್ ಕೊಡೋಕೆ ತಂದಿದ್ದೆ. ಓದ್ಬಿಟ್ಟು ದೀಪಾವಳಿಗೆ ಯಾವ ಪುಟ ಅಂತ ಹೇಳಿ ಕೊಡಿ' ಅಂತು.

ಈಗ ಹತ್ತೊಂಬತ್ತನೇ ಪುಟದಲ್ಲಿದ್ದೇನೆ. ಕಪ್ಪೆ ಇನ್ನೂ ಬಂದಿಲ್ಲ. ದೀಪಾವಳಿಗೆ ಎಂಟು ದಿನ ಇದೆ. ಆದಕಾರಣ ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಂಡು, ತಮ್ಮ ಭಕ್ತಮಂಡಳಿಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ.

ಮೊನ್ನೆಯವರೆಗೂ ತಮ್ಮ ವಿಶ್ವಾಸಿಯಾಗಿದ್ದ,
ರಾಮಾನುಜ

ವಿ.ಸೂ.: ರಿಮೋಟಿನ ಕವರನ್ನೂ ತೆಗೆದೆ. ಇನ್ನು ನೀಲಿ ಪುಸ್ತಕದಲ್ಲಿ ಮಿಕ್ಕ ಕಥೆಗಳು ಹೇಗಿವೆಯೆಂದು ತಾವು ಕೇಳಬಹುದು, ಹೇಳುವುದಿಲ್ಲ. ಒಂಬತ್ತು ವರ್ಷ ಅಷ್ಟು ಹತ್ತಿರದಲ್ಲಿದ್ದೂ ಒಳಗೇನಿದೆ ಎಂದು ನೋಡದವರಿಗೆ ಈಗ ಹೇಳಿ ಪ್ರಯೋಜನವಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.