ಶಿವಲಿಂಗವ್ವನ ಮೂರು ಮೂಗು

ತೊಂದರೆ ಶುರುವಾದದ್ದು ಮೂಗಿನಿಂದ. ಒಂದು ಮುಖಕ್ಕೆ ಒಂದೇ ಮೂಗು ಇದ್ದಿದ್ದರೆ ಹನಮೇಶ ಅವತ್ತು ಹನ್ನೊಂದು ಗಂಟೆಗೆಲ್ಲ ಕೆಲಸ ಮುಗಿಸಿ ಚಹಾ ಕುಡಿಯಲು ಹೋಗಿರುತ್ತಿದ್ದ. ಆದರೆ ಚನ್ನಯ್ಯ ತಂದುಕೊಟ್ಟ ಹಾಳೆಯಲ್ಲಿ ಅವನ ತಾಯಿ ಶಿವಲಿಂಗವ್ವನಿಗೆ ಮೂರು ಮೂಗುಗಳಿದ್ದವು.

ಅದು ಎರಡು ಸಾವಿರದ ಮೂರನೆಯ ಇಸವಿ. ದುರ್ಗದಬೈಲಿನ ಒಂದು ಓಣಿಯಲ್ಲಿ ಹನಮೇಶನ ಕಂಪ್ಯೂಟರ್ ಅಂಗಡಿ. ಇಬ್ಬರು ಒಳಗೆ ಕೂತರೆ ಮೂರನೆಯವನು ಬಾಗಿಲಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಮದುವೆ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ಜಾತ್ರೆಯ ಕರಪತ್ರ ಎಲ್ಲವನ್ನೂ ಟೈಪ್ ಮಾಡಿ ಮಾಡಿ ಅವನಿಗೆ ಸಾಕಾಗಿತ್ತು. ಅವನ ಜೀವ ಇದ್ದದ್ದು ಬೇರೆ ಕೆಲಸದಲ್ಲಿ. ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ ಚಿತ್ರವನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಮೌಸ್ ಹಿಡಿದು ಚುಕ್ಕಿಯಿಂದ ಚುಕ್ಕಿಗೆ ನಯವಾದ ಗೆರೆ ಎಳೆದು, ಕೊನೆಗೆ ಕೆಳಗಿನ ಗೀಚನ್ನೆಲ್ಲ ಅಳಿಸಿಬಿಡುವುದು. ಆಮೇಲೆ ಪರದೆಯ ಮೇಲೆ ಉಳಿಯುವ ಆ ಶುಭ್ರ ಗೆರೆಗಳನ್ನು ಕಂಡರೆ ಅವನಿಗೆ ಆಗತಾನೆ ಸಾರಿಸಿದ ಅಂಗಳ ಕಂಡಷ್ಟು ಸಮಾಧಾನ. ಅಂಥ ಕೆಲಸ ವರ್ಷಕ್ಕೆ ಎರಡು ಬಂದರೆ ಹೆಚ್ಚು.

ಈ ಸಲ ಅದು ಬೆಂಗೇರಿಯಿಂದ ಬಂದಿತ್ತು. ಅಲ್ಲಿನ ಶಿವಲಿಂಗವ್ವನ ಕೈಯ ಕಡಕ್ ರೊಟ್ಟಿಗೆ ಸುತ್ತಲಿನ ನಾಲ್ಕು ಓಣಿಯಲ್ಲಿ ಹೆಸರು. ಅದನ್ನು ಪ್ಯಾಕೀಟಿನಲ್ಲಿ ಹಾಕಿ ಮಾರಬೇಕು, ಪ್ಯಾಕೀಟಿನ ಮೇಲೆ ಅವ್ವನ ಮುಖವೇ ಇರಬೇಕು ಎಂಬುದು ಮಗ ಚನ್ನಯ್ಯನ ಹಟ. ತಾರಿಹಾಳದಲ್ಲಿ ಪ್ಯಾಕೀಟು ಅಚ್ಚು ಹಾಕುವವರು, ಪ್ಲಾಸ್ಟಿಕ್ಕಿನ ಮೇಲೆ ಫೋಟೋ ಸರಿಯಾಗಿ ಮೂಡುವುದಿಲ್ಲ, ಗೆರೆಯ ಚಿತ್ರವನ್ನು ಅವತ್ತು ಸಂಜೆ ಐದರೊಳಗೆ ತನ್ನಿ, ತಪ್ಪಿದರೆ ಮುಂದಿನ ತಿಂಗಳು ಎಂದಿದ್ದರು. ಚನ್ನಯ್ಯ ಹಳೆಯ ಬೋರ್ಡ್ ಪೇಂಟರ್ ಅಮೀನಸಾಬರನ್ನು ಮನೆಗೆ ಕರೆದೊಯ್ದು ಅವ್ವನ ಎದುರು ಕೂಡಿಸಿ ಚಿತ್ರ ಬರೆಸಿದ್ದ. ಆ ಹಾಳೆಯನ್ನೂ ಅಮೀನಸಾಬರನ್ನೂ ಹನಮೇಶನಿಗೆ ಒಪ್ಪಿಸಿ ಸಂತೆಗೆ ಹೋದ.

ಹನಮೇಶ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ. ಮುಖದ ತುಂಬ ಗೆರೆಯ ಮೇಲೆ ಗೆರೆ, ಗುಬ್ಬಿಯ ಗೂಡಿನ ಹಾಗೆ.

"ಅಮೀನಸಾಬರ, ಇದರಾಗ ಯಾವ ಮೂಗು ಖರೇದು?"

"ಮೂರೂ ಖರೇನ ಅವ," ಎಂದರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಅಮೀನಸಾಬರು. "ರೊಟ್ಟಿ ಬಡೀತಾ ಅವ್ವಾರು ಆ ಕಡೆ ಈ ಕಡೆ ಮೂರು ಸಲ ಹೊಳ್ಳಿದ್ರು. ನಾ ಏನ್ ಮಾಡ್ಲಿ?"

ಹನಮೇಶ ದೇವರ ಮೇಲೆ ಭಾರ ಹಾಕಿ ನಡುವಿನ ಮೂಗನ್ನು ಆರಿಸಿಕೊಂಡ. ಅಷ್ಟರಲ್ಲಿ ಪಕ್ಕದ ಎಸ್.ಟಿ.ಡಿ. ಬೂತಿನ ಗೀತಾಂಜಲಿ ಕತ್ತರಿ ಕೇಳಲು ಬಂದವಳು ಪರದೆಗೆ ಅಂಟಿಕೊಂಡುಬಿಟ್ಟಳು. ಆ ಮೂಗು ಮುಳ್ಳುಗಾಯಿ ಬದನೆಯ ಹಾಗಿದೆ, ಎಡಗಡೆಯದನ್ನು ತಗೊಳ್ಳಿ ಎಂದಳು. ಎಡಗಡೆಯದು ನಿಜಕ್ಕೂ ಚೆಂದವಿತ್ತು. ಹನಮೇಶ ಬದಲಿಸಿದ. ಅಲ್ಲಿಗೆ ಕಟ್ಟೆ ಒಡೆಯಿತು.

"ಹಣಿ ಮ್ಯಾಲೆ ಇಷ್ಟ್ಯಾಕ ಸುಕ್ಕು?" ಎಂದಳು ಗೀತಾಂಜಲಿ. "ಆಕಿ ಸುಕ್ಕು ನೋಡಿ ರೊಟ್ಟಿನೂ ಹಳೇದು ಅಂತ ತಿಳೀತಾರ ಮಂದಿ."

ಮಾತು ಹನಮೇಶನಿಗೂ ಖರೆ ಅನ್ನಿಸಿತು. ಸುಕ್ಕುಗಳು ಒಂದೊಂದಾಗಿ ಹೋದವು. ಫೋನಿಗೆ ಕಾಯುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ಒಳಗೆ ಇಣುಕಿ, ಗಲ್ಲ ಒಳಗೆ ಹೋಗಿದೆ, ತುಂಬಿಸಿದರೆ ಗಿರಾಕಿಗೆ ಹೊಟ್ಟೆ ತುಂಬಿದ ಭಾವ ಬರುತ್ತದೆ ಎಂದು ತಿಳಿಸಿದರು. ಕಾಯಿಪಲ್ಲೆ ಚೀಲ ಹಿಡಿದ ಹೆಂಗಸೊಬ್ಬಳು ಬಾಯಿಯ ಎರಡು ತುದಿ ತುಸು ಮೇಲೇಳಲಿ ಎಂದಳು. ಒಂದೊಂದು ಗೆರೆ ಅಳಿಸಿದಾಗಲೂ ಅಮೀನಸಾಬರು ತಮ್ಮ ಗಡ್ಡದ ಕೂದಲು ಕಿತ್ತಂತೆ ಮುಖ ಕಿವುಚುತ್ತಿದ್ದರು.

ಒಂದು ಗಂಟೆಗೆ ಕರೆಂಟು ಹೋಯಿತು. ಯು.ಪಿ.ಎಸ್. ಹಸಿದ ಬೆಕ್ಕಿನ ಮರಿಯ ಹಾಗೆ ನಾಲ್ಕು ಸಲ ಕೂಗಿ ಸುಮ್ಮನಾಯಿತು. ಮತ್ತೆ ಬಂದಾಗ ನೋಡಿದರೆ, ಗಡಿಬಿಡಿಯಲ್ಲಿ ಹನಮೇಶ ಸೇವ್ ಮಾಡಿಟ್ಟದ್ದು ಶಿವಲಿಂಗವ್ವನ ಒಂದು ಕಿವಿ ಮಾತ್ರ. ಊಟ ಬಿಟ್ಟು, ಆ ಕಿವಿಯಿಂದ ಹಿಡಿದು ಮತ್ತೆ ಇಡೀ ಮುಖವನ್ನು ಎಳೆದ. ಎರಡನೆಯ ಸಲ ಕೈ ಪಳಗಿತ್ತು. ಮೂರೂವರೆಗೆ ಕೆಳಗಿನ ಪೆನ್ಸಿಲ್ ಚಿತ್ರವನ್ನು ತೆಗೆದಾಗ ಬಿಳಿಯ ಪರದೆಯ ಮೇಲೆ ಒಂದು ಮುಖ ಸುಮ್ಮನೆ ನಗುತ್ತಿತ್ತು. ಒಂದು ಗೆರೆಯೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹನಮೇಶ ಅದನ್ನು ನೋಡುತ್ತ ಐದು ನಿಮಿಷ ಹಾಗೇ ಕೂತ. ಹಸಿವೂ ನೆನಪಾಗಲಿಲ್ಲ.

ಚನ್ನಯ್ಯ ಬಂದ. ನೋಡಿದ. ತಲೆ ಆ ಕಡೆ ಈ ಕಡೆ ವಾಲಿಸಿ ಮತ್ತೆ ನೋಡಿದ.

"ಭಾಳ ಚಂದ ಬಂದೈತ್ರಿ," ಎಂದ ಕೊನೆಗೆ. "ಆದ್ರ ಇದು ನಮ್ಮವ್ವ ಅಲ್ಲ. ಯಾರೋ ನಮ್ಮ ಬಳಗದಾಕಿ ಇದ್ದಂಗ ಕಾಣ್ತಾಳ."

ಗೀತಾಂಜಲಿ ಥಟ್ಟನೆ ಕತ್ತರಿ ನೆನಪಾಗಿ ಹುಡುಕತೊಡಗಿದಳು. ಅವ್ವನೂ ಸಂತೆಗೆ ಬಂದಿದ್ದಾಳೆ, ಆಕೆಯೇ ನೋಡಿ ಹೇಳಲಿ ಎಂದು ಚನ್ನಯ್ಯ ಹೋಗಿ ಶೇಂಗಾ ಕೊಳ್ಳುತ್ತಿದ್ದ ತಾಯಿಯನ್ನು ಕರೆತಂದ.

ಶಿವಲಿಂಗವ್ವ ಒಳಗೆ ಬಂದು ಗಂಟು ಕೆಳಗಿಟ್ಟು ಪರದೆಯ ಎದುರು ನಿಂತಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನಮ್ಮವ್ವ," ಎಂದಳು.

ಯಾರಿಗೂ ತಿಳಿಯಲಿಲ್ಲ. ಗೀತಾಂಜಲಿ ಮೆಲ್ಲಗೆ, ಅದು ನಿಮ್ಮದೇ ಚಿತ್ರವೆಂದು ಹೇಳಿನೋಡಿದಳು.

"ನಾ ಅಲ್ಲ ತಂಗಿ. ನಮ್ಮವ್ವ ಈಕಿ. ಹೋದಾಗ ನಲವತ್ತೂ ತುಂಬಿದ್ದಿಲ್ಲ. ಒಂದು ಫೋಟೋ ಸುದ್ದಾ ಇಲ್ಲ ನಮ್ಮ ಮನ್ಯಾಗ." ಅವಳು ಹನಮೇಶನ ಕಡೆ ತಿರುಗಿದಳು. "ಐವತ್ತು ವರ್ಷದ ಮ್ಯಾಲೆ ಆಕಿ ಮಾರಿ ತೋರಿಸಿದೆಲ್ಲೋ ತಮ್ಮಾ."

ಸುಕ್ಕು ತೆಗೆದು ಗಲ್ಲ ತುಂಬಿಸಿದ ಮಗಳ ಮುಖ ತಾಯಿಯದಾಗಿತ್ತು. ಶಿವಲಿಂಗವ್ವ ಸೊಂಟದ ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಿನಿಂದ ಮಾನಿಟರಿನ ಗಾಜಿಗೇ ಹಚ್ಚಿ ಕೈಮುಗಿದಳು. ಅದು ಸರಿಯಾಗಿ ಹಣೆಯ ಜಾಗಕ್ಕೇ ಬಿತ್ತು. ಇಷ್ಟು ವರ್ಷ ಟೈಪ್ ಮಾಡಿದ್ದಕ್ಕೆ ಇವತ್ತು ದೇವರು ಕಣ್ಣು ತೆರೆದ ಎಂದುಕೊಂಡ ಹನಮೇಶ.

ಹಾಗಾದರೆ ಇದನ್ನೇ ಅಚ್ಚಿಗೆ ಕೊಟ್ಟುಬಿಡೋಣ ಎಂದ ಚನ್ನಯ್ಯ ಹುರುಪಿನಿಂದ.

"ನಿನಗೇನರ ಬುದ್ಧಿ ಐತೇನೋ?" ಎಂದಳು ಶಿವಲಿಂಗವ್ವ. "ನಮ್ಮವ್ವನ ಮಾರಿ ಪ್ಯಾಕೀಟಿನ ಮ್ಯಾಲೆ ಹಾಕ್ಸಿ, ಮಂದಿ ಅದನ್ನ ಹರಿದು ಗಟಾರದಾಗ ಒಗೀಬೇಕೇನು? ಆಕಿದೂ ಬ್ಯಾಡ, ನಂದೂ ಬ್ಯಾಡ. ರೊಟ್ಟಿ ತಗೊಳ್ಳಾವ್ರಿಗೆ ಒಂದು ರೊಟ್ಟಿ ಬರದು ತೋರಿಸ್ರಿ, ಸಾಕು."

ಗಂಟೆ ನಾಲ್ಕಾಗಿತ್ತು. ಹನಮೇಶ ಶಿವಲಿಂಗವ್ವನಿಗೆ ಅವಳ ತಾಯಿಯ ಚಿತ್ರವನ್ನು ಕಾಗದದ ಮೇಲೆ ತೆಗೆದುಕೊಟ್ಟು, ಹೊಸ ಪುಟ ತೆರೆದು, ಕಣ್ಣು ಮಿಟುಕಿಸುವುದರೊಳಗೆ ಒಂದು ವೃತ್ತ ಎಳೆದ. ಎಲ್ಲರೂ ಬಗ್ಗಿ ನೋಡಿದರು. ಇದು ಬಳೆ ಎಂದಳು ಗೀತಾಂಜಲಿ.

"ಇಷ್ಟು ದುಂಡ ಇದ್ರ ಮಷೀನಿನ ರೊಟ್ಟಿ ಅಂತಾರ ತಮ್ಮಾ," ಎಂದಳು ಶಿವಲಿಂಗವ್ವ. "ಕೈಲೆ ಬಡಿದಿದ್ದು ಕಾಣಬೇಕು. ಅಂಚು ತುಸು ಸೀಳಿರಬೇಕು."

ಸೊಟ್ಟ ಗೆರೆಯನ್ನು ನೆಟ್ಟಗೆ ಮಾಡುವುದೇ ಕಸುಬಾಗಿದ್ದವನು ಈಗ ನೆಟ್ಟಗಿದ್ದದ್ದನ್ನು ಸೊಟ್ಟ ಮಾಡಲು ಕೂತ. ಒಂದೊಂದು ಚುಕ್ಕಿ ಹಿಡಿದು ಎಳೆದ. ಮೊದಲು ಅದು ಸೈಕಲ್ಲಿನ ಹಲ್ಲುಚಕ್ರವಾಯಿತು. ಆಮೇಲೆ ಧಾರವಾಡ ಜಿಲ್ಲೆಯ ನಕಾಶೆಯಾಯಿತು. ನಾಲ್ಕೂವರೆಗೆ ಅದು ಇಲಿ ಕಡಿದ ಚಪಾತಿಯ ಹಾಗೆ ಕಾಣುತ್ತಿತ್ತು. ಚನ್ನಯ್ಯ ಗಡಿಯಾರ ನೋಡುವುದನ್ನು ಬಿಟ್ಟು ಹನಮೇಶನ ಮುಖವನ್ನೇ ನೋಡತೊಡಗಿದ.

ಆಗ ಬಾಗಿಲ ಬಳಿಯ ಸ್ಟೂಲು ಕಿರುಗುಟ್ಟಿತು. ಅಮೀನಸಾಬರು ಎದ್ದು ಬಂದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಟೇಬಲ್ಲಿನ ಮೇಲಿದ್ದ ರದ್ದಿ ಮದುವೆ ಕಾರ್ಡಿನ ಬೆನ್ನ ಮೇಲೆ ಒಂದೇ ಉಸಿರಿನಲ್ಲಿ ಕೈ ತಿರುಗಿಸಿದರು. ಅಂಚಿನಲ್ಲಿ ಮೂರು ಸೀಳು, ನಡುವೆ ಎರಡು ಉಬ್ಬು. ಬಿಸಿ ಹಂಚಿನಿಂದ ಈಗ ಎತ್ತಿದಂತಿತ್ತು.

"ಹೂಂ. ಇದು ನನ್ನ ರೊಟ್ಟಿ," ಎಂದಳು ಶಿವಲಿಂಗವ್ವ.

ಇದನ್ನೇ ಹಾಗೇ ಸ್ಕ್ಯಾನ್ ಮಾಡಿ ಕೊಡಲು ಚನ್ನಯ್ಯ ಹೇಳಿದ. ಹನಮೇಶ ಮಾಡಿದ. ಗೆರೆ ಶುರುವಾದ ತುದಿಯೂ ಮುಗಿದ ತುದಿಯೂ ಒಂದರ ಮೇಲೊಂದು ಹಾಯ್ದು ಸಣ್ಣ ಗೀಚು ಉಳಿದಿತ್ತು. ಅವನ ಕೈ ತಾನೇ ತಾನಾಗಿ ಅದನ್ನು ಅಳಿಸಲು ಹೋಯಿತು.

"ಅದನ್ನ ಮುಟ್ಟಬ್ಯಾಡ," ಎಂದಳು ಶಿವಲಿಂಗವ್ವ. "ರೊಟ್ಟಿ ಬಡದು ನಾ ಕೈ ತಗಿಯೂದು ಅಲ್ಲೇ."

ಹೀಗೆ ಬೆಳಗಿನಿಂದ ಎಳೆದ ಗೆರೆಗಳಲ್ಲಿ ಒಂದೂ ಅಚ್ಚಿಗೆ ಹೋಗಲಿಲ್ಲ. ಆದರೂ ಹನಮೇಶನಿಗೆ ಬೇಸರ ಬರಲಿಲ್ಲ. ಶಿವಲಿಂಗವ್ವ ತಾಯಿಯ ಚಿತ್ರವನ್ನು ರೊಟ್ಟಿ ಸುತ್ತುವ ಬಿಳಿ ಬಟ್ಟೆಯಲ್ಲಿ ಮಡಿಸಿಕೊಂಡದ್ದನ್ನು ಕಣ್ಣಾರೆ ನೋಡಿದ್ದ. ಗಂಟಿನಿಂದ ಅವಳು ತೆಗೆದುಕೊಟ್ಟ ಎರಡು ರೊಟ್ಟಿ, ಗುರೆಳ್ಳು ಚಟ್ನಿ ಹಸಿದ ಹೊಟ್ಟೆಗೆ ಅಮೃತದಂತಿದ್ದವು. ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಚನ್ನಯ್ಯ ಬಾಗಿಲಿನಿಂದ ಹಿಂದಿರುಗಿ ಬಂದ.

"ಚಿತ್ರದ ಕೆಳಗ ಕಲಾವಿದರ ಹೆಸರು ಹಾಕಿದ್ರ ಶೋಭಾ ಬರ್ತೈತ್ರಿ," ಎಂದ.

ಹನಮೇಶ ನಾಚಿಕೊಂಡು, ಅದೆಲ್ಲ ಯಾಕೆ ಎಂದು ಶುರುಮಾಡಿದ್ದ.

"ಹಂಗಲ್ಲ, ಪಾಪ, ಮುಂಜಾನಿಂದ ಕುಂತಾರ. 'ಚಿತ್ರ: ಅಮೀನಸಾಬ' ಅಂತ ಲಗೂನ ಟೈಪ್ ಮಾಡಿಬಿಡ್ರಿ."

ಹನಮೇಶ ಚಟ್ನಿಯ ಕೈಯನ್ನು ಒರೆಸಿಕೊಂಡು ಟೈಪ್ ಮಾಡಿದ. ಅಮೀನಸಾಬರು ಕನ್ನಡಕ ಏರಿಸಿಕೊಂಡು, ಅವತ್ತು ಮೊದಲ ಸಲ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಅಕ್ಷರ ತುಸು ದುಂಡಗ ಬರಲಿ ಬೇಟಾ," ಎಂದರು.