ಈ ಮನೆಯಿಂದ ಕರೆ ಹೋಗಿಲ್ಲ

"ಗಾಳಿ ಬರಲಿ, ಹಿಮ ಬರಲಿ, ಬೇಕಾದರೆ ಉತ್ತರ ಧ್ರುವವೇ ಎದ್ದು ಬರಲಿ. ನಿನ್ನ ರಕ್ಷಣಾ ದಳದವರು ಮಾತ್ರ ಈ ಸಲ ನಮ್ಮ ಮನೆಗೆ ಬರಕೂಡದು," ಎಂದು ಬಾರ್ದುರ್ ಗುರುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಘೋಷಿಸಿದ. ಹೆಸರೇ ಬಾರ್ದುರ್. ಯಾರೂ ಬಾರದ ಹಾಗೆ ನೋಡಿಕೊಳ್ಳುವುದು ಅವನ ಹಣೆಯಲ್ಲೇ ಬರೆದಿತ್ತು ಅನ್ನಬೇಕು.

ಎದುರಿಗೆ ಕೂತು ಬೂಟಿನ ದಾರ ಬಿಗಿಯುತ್ತಿದ್ದವಳು ಹೆಂಡತಿ ಸೋಲ್ರುನ್. ಅವಳ ಹೆಸರಿನಲ್ಲಿ ಸೋಲಿದೆ ನಿಜ, ಆದರೆ ಅವಳು ಸೋತದ್ದನ್ನು ನಮ್ಮ ಕಾಲ್ಡವೀಕ್ ಊರಿನಲ್ಲಿ ಯಾರೂ ಕಂಡಿಲ್ಲ. ಊರ ರಕ್ಷಣಾ ದಳಕ್ಕೆ ಅವಳೇ ನಾಯಕಿ. ಹವಾಮಾನದವರು ಹಿಂದಿನ ದಿನವೇ ಹಳದಿ, ಕಿತ್ತಳೆ ಎರಡನ್ನೂ ದಾಟಿ ನೇರ ಕೆಂಪು ಎಚ್ಚರಿಕೆ ಕೊಟ್ಟಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಬಿರುಗಾಳಿ ಕೊಲ್ಲಿಯೊಳಗೆ ನುಗ್ಗುವುದಿತ್ತು. ಅದು ನಿಲ್ಲುವ ತನಕ ಸೋಲ್ರುನ್ ಮನೆಗೆ ಬರುವ ಹಾಗಿರಲಿಲ್ಲ.

"ಬಾರ್ದುರ್, ಕಸದ ಡಬ್ಬ ಒಳಗಿಡು. ಕಿಟಕಿ ಚಿಲಕ ಹಾಕು. ಕಾಫಿ ಮಾಡ್ಕೊಂಡು ಅಮ್ಮನ ಜೊತೆ ಕೂತ್ಕೋ. ಮತ್ತೇನೂ ಮಾಡ್ಬೇಡ," ಎಂದಳು.

"ಮತ್ತೇನೂ ಅಂದ್ರೆ?"

"ಹೋದ ವರ್ಷ ಮಾಡಿದ್ಯಲ್ಲ, ಅಂಥದ್ದು."

ಹೋದ ವರ್ಷದ್ದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬಾರ್ದುರನ ಹಟ ನಿಮಗೆ ಅರ್ಥವಾಗುವುದಿಲ್ಲ. ಹೋದ ಚಳಿಗಾಲದ ಬಿರುಗಾಳಿಗೆ ಮುಂಚೆ ಅವನು ಅಂಗಳದ ಬಿಸಿನೀರ ತೊಟ್ಟಿಯ ಮುಚ್ಚಳವನ್ನು ಬೇಲಿಗೆ ಕಟ್ಟಿದ್ದ. ತಾನೇ ಕಂಡುಹಿಡಿದ ಗಂಟು, ಜನ್ಮದಲ್ಲಿ ಬಿಚ್ಚುವುದಿಲ್ಲ ಅಂದಿದ್ದ. ಗಂಟು ಬಿಚ್ಚಲಿಲ್ಲ. ಮುಚ್ಚಳ ಬೇಲಿಯನ್ನೂ ಕಿತ್ತುಕೊಂಡು ಹಾರಿ, ಪಾದ್ರಿಗಳ ಅಡುಗೆಮನೆಯ ಕಿಟಕಿ ಒಡೆದು, ಅವರು ಆಗಷ್ಟೇ ಹುಯ್ದಿಟ್ಟ ದೋಸೆಗಳ ಮೇಲೆ ಹೋಗಿ ಕೂತಿತು. ದಳ ಬಂತು. ಸೋಲ್ರುನ್ ತನ್ನ ಕೈಯಾರೆ ದಳದ ಪುಸ್ತಕದಲ್ಲಿ ಗಂಡನ ಹೆಸರು ಬರೆದಳು.

ಅಷ್ಟೇ ಆಗಿದ್ದರೆ ಬಾರ್ದುರ್ ನುಂಗಿಕೊಳ್ಳುತ್ತಿದ್ದ. ಆದರೆ ಚಳಿಗಾಲದ ನಡುವೆ ನಮ್ಮಲ್ಲಿ ಥೋರಿ ಔತಣ ಇರುತ್ತದೆ. ಕೊಳೆಸಿದ ಶಾರ್ಕು, ಸುಟ್ಟ ಕುರಿತಲೆ ತಿಂದು ಮುಗಿಯುವ ಹೊತ್ತಿಗೆ ಸಮಿತಿಯವರು ವೇದಿಕೆ ಹತ್ತಿ, ವರ್ಷವಿಡೀ ಊರಿನಲ್ಲಿ ಯಾರು ಯಾರು ಏನೇನು ಎಡವಟ್ಟು ಮಾಡಿದರು ಎಂದು ಹಾಡಿ ಕುಣಿಯುತ್ತಾರೆ. ಸರಕು ಎಲ್ಲಿಂದ ಸಿಗುತ್ತದೆ ಅಂದರೆ ದಳದ ಪುಸ್ತಕದಿಂದ. ಆ ವರ್ಷ ಅಂಚೆಯವನು ಬೆನ್ನಿಗೆ ಮುಚ್ಚಳ ಕಟ್ಟಿಕೊಂಡು ವೇದಿಕೆ ತುಂಬ ಹಾರಾಡಿದ. ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಸೋಲ್ರುನಳ ಕಣ್ಣಲ್ಲಿ ನೀರೇ ಬಂತು. ಬಾರ್ದುರ್ ಮಾತ್ರ ಬಾಯಲ್ಲಿದ್ದ ಕುರಿಯ ಕೆನ್ನೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದ. ಅಂದಿನಿಂದ ಮೀನಿನ ಕಾರ್ಖಾನೆಯಲ್ಲಿ ಅವನಿಗೆ 'ಮುಚ್ಚಳ' ಎಂದೇ ಹೆಸರು.

ಈ ವರ್ಷದ ಔತಣಕ್ಕೆ ಎರಡೇ ದಿನ ಉಳಿದಿತ್ತು. ಪುಸ್ತಕದಲ್ಲಿ ಹೆಸರಿಲ್ಲದೆ ಶನಿವಾರ ಮುಟ್ಟಿದರೆ ಅವನ ಮಾನ ಉಳಿಯುತ್ತಿತ್ತು.

ಸೋಲ್ರುನಳ ಗಾಡಿ ತಿರುವು ದಾಟಿದ್ದೇ ತಡ, ಬಾರ್ದುರ್ ಅಂಗಳಕ್ಕಿಳಿದ. ಹಾರಬಲ್ಲದ್ದು ಯಾವುದೂ ಹೊರಗಿರಕೂಡದು. ಕಸದ ಡಬ್ಬಗಳು ಒಳಗೆ ಬಂದವು. ಮಾಂಸ ಸುಡುವ ಒಲೆ, ಮರದ ಬೆಂಚು, ಚಕ್ರದ ಕೈಗಾಡಿ ಬಂದವು. ತೊಟ್ಟಿಯ ಮುಚ್ಚಳ ಹಿಂಬಾಗಿಲಿನಲ್ಲಿ ನೇರ ತೂರಲಿಲ್ಲ. ಓರೆ ಮಾಡಿದ, ಒದ್ದ, ಕೊನೆಗೆ ಹೆಗಲು ಕೊಟ್ಟು ತಳ್ಳಿದ. ಬಾಗಿಲ ಹಿಂದಿನ ಓಣಿಯಲ್ಲಿ ಅದು ಅಡ್ಡಡ್ಡ ಸಿಕ್ಕಿಕೊಂಡು ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಎಂದು ನಿಂತಿತು.

"ಹಿಂಬಾಗಿಲು ಹೋಯ್ತು," ಎಂದಳು ಅತ್ತೆ ಪೆಟ್ರಿನಾ. ಎಂಬತ್ತನಾಲ್ಕು ವರ್ಷದ ಮುದುಕಿ, ಅಡುಗೆಮನೆಯಲ್ಲಿ ಕೂತು ಸ್ವೆಟರಿನ ತೋಳು ಹೆಣೆಯುತ್ತಿದ್ದಳು.

"ಹೋಗಿಲ್ಲ ಅತ್ತೆ, ಭದ್ರ ಆಯ್ತು."

ಆಮೇಲೆ ಕಿಟಕಿಗಳ ಸರದಿ. ಚಿಲಕ ಹಾಕುವುದು ಸಾಮಾನ್ಯರ ಕೆಲಸ. ಬಾರ್ದುರ್ ಹೊರಗಿನಿಂದ ಪ್ಲೈವುಡ್ ಹಲಗೆ ಇಟ್ಟು ಕಿಟಕಿಗೆ ನಲವತ್ತರಂತೆ ಮೊಳೆ ಹೊಡೆದ. ಮನೆಯೊಳಗೆ ಕತ್ತಲಾಯಿತು. ಪೆಟ್ರಿನಾ ಹೆಣಿಗೆ ನಿಲ್ಲಿಸದೆ ಕೈ ಚಾಚಿ ದೀಪ ಹಾಕಿಕೊಂಡಳು.

ಉಳಿದದ್ದು ಮುಂಬಾಗಿಲು. ಪ್ರತಿ ಬಿರುಗಾಳಿಯಲ್ಲೂ ಅಲ್ಲೇ ಹಿಮ ರಾಶಿ ಬಿದ್ದು ಬಾಗಿಲು ಮುಚ್ಚಿಹೋಗುತ್ತದೆ, ಎಲ್ಲರೂ ಸಲಿಕೆ ಹಿಡಿಯುತ್ತಾರೆ, ಇಲ್ಲವೇ ದಳವನ್ನು ಕರೆಯುತ್ತಾರೆ. ಬಾರ್ದುರನಿಗೆ ನಗು ಬಂತು. ಇಪ್ಪತ್ತೆರಡು ವರ್ಷದಿಂದ ಕಾರ್ಖಾನೆಯ ಶೀತಲ ಕೋಣೆ ನೋಡಿಕೊಳ್ಳುವವನು ಅವನು. ಟನ್ನುಗಟ್ಟಲೆ ಮೀನು ಅವನ ಮಾತಿಗೆ ಹೆಪ್ಪುಗಟ್ಟುತ್ತದೆ, ಅವನ ಮಾತಿಗೆ ಕರಗುತ್ತದೆ. ನೆಲದಡಿಯಿಂದ ಬಿಸಿನೀರು ಪುಕ್ಕಟೆ ಉಕ್ಕುವ ಊರಿನಲ್ಲಿ ಸಲಿಕೆ ಯಾರಿಗೆ ಬೇಕು? ತೋಟದ ರಬ್ಬರ್ ಪೈಪಿಗೆ ಸೂಜಿಯಿಂದ ಸಾಲಾಗಿ ತೂತು ಕೊರೆದ. ಮೆಟ್ಟಿಲುಗಳ ಮೇಲೆ ಹಾಸಿ, ತುದಿ ಕಟ್ಟಿ, ನಲ್ಲಿ ತಿರುಗಿಸಿದ. ಎಪ್ಪತ್ತು ಡಿಗ್ರಿ ನೀರು ಆವಿಯಾಡುತ್ತಾ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು.

ಬಿರುಗಾಳಿ ಹೇಳಿದ ಹೊತ್ತಿಗೆ ಬಂತು. ಎದುರು ಮನೆ ಮಾಯವಾಯಿತು, ಆಮೇಲೆ ರಸ್ತೆ, ಆಮೇಲೆ ಗೇಟು. ಆದರೆ ಬಾರ್ದುರನ ಮೆಟ್ಟಿಲು ಮಾತ್ರ ಕಪ್ಪಗೆ, ಒದ್ದೆಯಾಗಿ, ಒಂದು ಚಿಟಿಕೆ ಹಿಮವೂ ಇಲ್ಲದೆ ಹೊಳೆಯುತ್ತಿತ್ತು. ಬಾಗಿಲಿನ ಅಂಗೈಯಗಲದ ಗಾಜಿನಿಂದ ಅದರ ಫೋಟೋ ತೆಗೆದು ಹೆಂಡತಿಗೆ ಕಳಿಸಿದ. ಸಂತೋಷ ತಡೆಯಲಾರದೆ ಅತ್ತೆಯನ್ನೂ ಕರೆದು ತೋರಿಸಿದ.

ಪೆಟ್ರಿನಾ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಚೆನ್ನಾಗಿದೆ ಅಳಿಯ. ಈ ನೀರು ಎಲ್ಲಿಗೆ ಹೋಗುತ್ತೆ?"

"ಕೆಳಗೆ."

"ಕೆಳಗೆ ಅಂದ್ರೆ ಎಲ್ಲಿಗೆ?"

"ಅತ್ತೆ, ನೀರು ಅಂದ್ಮೇಲೆ ಎಲ್ಲೋ ಹೋಗುತ್ತೆ. ಅದರ ಹಿಂದೆ ನಾವು ಹೋಗೋಕಾಗುತ್ತಾ?"

ನಾಲ್ಕು ಗಂಟೆಗೆ ಊರಿಗೆಲ್ಲ ಕರೆಂಟು ಹೋಯಿತು. ಕರೆಂಟಿನ ಜೊತೆ ಬಿಸಿನೀರು ಒತ್ತುವ ಪಂಪೂ ನಿಂತಿತು. ಪೈಪಿನ ತೂತುಗಳಲ್ಲಿ ಚಿಮ್ಮುತ್ತಿದ್ದ ನೀರು ತೊಟ್ಟಿಕ್ಕತೊಡಗಿತು. ಗಾಳಿ ಆ ಹನಿಗಳನ್ನೆತ್ತಿ ಬಾಗಿಲಿಗೇ ಎರಚಿತು, ಎರಚಿದ್ದೆಲ್ಲ ಅಲ್ಲೇ ಹೆಪ್ಪುಗಟ್ಟಿತು. ಬಾರ್ದುರ್ ಓಡಿಬಂದು ಬಾಗಿಲು ತಳ್ಳಿದ. ಬಾಗಿಲು ಮಿಸುಕಲಿಲ್ಲ. ಇನ್ನೊಮ್ಮೆ ತಳ್ಳಿದ. ಹಿಡಿಕೆ ಕೈಗೆ ಬಂತು.

"ಏನಾಯ್ತು?" ಒಳಗಿನಿಂದ ಅತ್ತೆ ಕೇಳಿದಳು.

"ಏನಿಲ್ಲ. ಬಾಗಿಲು ಸ್ವಲ್ಪ ಬಿಗಿಯಾಗಿದೆ."

ಅವನು ಗ್ಯಾಸ್ ಒಲೆಯ ಮೇಲೆ ಒಂದು ಕೆಟಲ್ ನೀರು ಕುದಿಸಿ, ಬಾಗಿಲಿನ ಟಪಾಲು ಕಿಂಡಿಯೊಳಗಿಂದ ಹೊರಕ್ಕೆ ಹೊಯ್ದ. ಒಂದು ನಿಮಿಷ ಒಳ್ಳೆಯ ಸದ್ದು ಬಂತು, ಬಾಗಿಲು ಕಟಕಟ ಅಂದಿತು. ಎರಡನೇ ಕೆಟಲ್ ಹೊಯ್ದ. ಮೂರನೆಯದನ್ನು ಹೊಯ್ಯಲು ಹೋದರೆ ಕಿಂಡಿಯೇ ಕಟ್ಟಿಹೋಗಿತ್ತು. ನೀರು ಒಳಕ್ಕೆ ಮರಳಿ ಅವನ ಕಾಲುಚೀಲದ ಮೇಲೆ ಬಿತ್ತು. ಬಾರ್ದುರ್ ಅಲ್ಲೇ ಸ್ವಲ್ಪ ಹೊತ್ತು ಒಂಟಿಗಾಲಿನಲ್ಲಿ ಕುಣಿದ.

ಪೆಟ್ರಿನಾ ಮೇಣದಬತ್ತಿ ಹಿಡಿದುಕೊಂಡು ಬಂದಳು. "ಮಗಳಿಗೆ ಫೋನ್ ಮಾಡು."

"ಮಾಡಲ್ಲ."

"ಅವಳು ನಿನ್ನ ಹೆಂಡ್ತಿ ಕಣೋ."

"ಮನೇಲಿದ್ದಾಗ ಹೆಂಡ್ತಿ. ಈಗ ಅವಳು ದಳ. ದಳಕ್ಕೆ ಈ ಮನೆಯಿಂದ ಕರೆ ಹೋಗಲ್ಲ."

"ಮಾನ ದೊಡ್ಡದೋ, ಬಾಗಿಲು ದೊಡ್ಡದೋ?"

"ಮಾನ," ಎಂದ ಬಾರ್ದುರ್. ಆ ಮಾತಿನಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. "ನಿಮಗೆ ಚಳಿ ಆಗ್ತಿದ್ರೆ ಹೇಳಿ ಅತ್ತೆ. ಆಗ ಮಾತು ಬೇರೆ."

"ನನಗೆ ಚಳಿಯಾ? ನಾಲ್ಕು ಮಕ್ಕಳನ್ನ ಇಟ್ಕೊಂಡು, ಸೂರಿನ ಮಟ್ಟಕ್ಕೆ ಹಿಮ ಬಿದ್ದ ಮನೇಲಿ ಆರು ದಿನ ಕಳೆದವಳು ನಾನು. ಆಗ ದಳನೂ ಇರ್ಲಿಲ್ಲ, ಮುಚ್ಚಳನೂ ಇರ್ಲಿಲ್ಲ," ಎಂದು ಮುದುಕಿ ಇನ್ನೆರಡು ಸ್ವೆಟರ್ ಏರಿಸಿಕೊಂಡು ಒಣಮೀನಿಗೆ ಬೆಣ್ಣೆ ಸವರತೊಡಗಿದಳು. ಬಾರ್ದುರನಿಗೆ ಅವಳ ಮೇಲೆ ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಪ್ರೀತಿ ಉಕ್ಕಿತು. ಇಬ್ಬರೂ ಮೀನು ತಿಂದು, ಕಂಬಳಿ ಹೊದ್ದು, ಬೆಳಗಿನ ತನಕ ಗೊರಕೆ ಹೊಡೆದರು.

ಶುಕ್ರವಾರ ಹನ್ನೊಂದಕ್ಕೆ ಗಾಳಿ ನಿಂತಿತು. ಸ್ವಲ್ಪ ಹೊತ್ತಿಗೆ ಹೊರಗೆ ಗಾಡಿ ನಿಂತ ಸದ್ದಾಯಿತು. ಇಪ್ಪತ್ತೊಂದು ಗಂಟೆ ಊರಿನವರನ್ನೆಲ್ಲ ಹಿಮದಿಂದ ಎಳೆದು ತೆಗೆದ ಸೋಲ್ರುನ್ ತನ್ನ ಮನೆಗೆ ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಹಾಸಿಗೆ ಒಂದೇ.

"ಬಾರ್ದುರ್, ಬಾಗಿಲು ತೆಗಿ."

"ತೆಗೀತೀನಿ, ಸ್ವಲ್ಪ ಇರು."

"ಎಷ್ಟು ಹೊತ್ತು?"

"ಏಪ್ರಿಲ್‌ಗೆ ತೆಗೀಬಹುದು," ಎಂದು ಪೆಟ್ರಿನಾ ಒಳಗಿನಿಂದ ಕೂಗಿದಳು.

ಹೊರಗಿನಿಂದ ಸೋಲ್ರುನ್ ಕೇಳಿದಳು, "ಹಿಂಬಾಗಿಲು?"

"ಅಲ್ಲಿ ಮುಚ್ಚಳ ಸಿಕ್ಕಾಕ್ಕೊಂಡಿದೆ."

"ಕಿಟಕಿ?"

"ಹಲಗೆ ಹೊಡೆದಿದ್ದೀನಿ. ಒಂದೊಂದಕ್ಕೆ ನಲವತ್ತು ಮೊಳೆ. ಭದ್ರವಾಗಿದೆ, ನೀನೇನೂ ಯೋಚನೆ ಮಾಡ್ಬೇಡ."

ಸೋಲ್ರುನ್ ಬಾಗಿಲನ್ನು ಹತ್ತಿರದಿಂದ ನೋಡೋಣವೆಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಲ್ಲಿ ಮೆಟ್ಟಿಲಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಹರಿದ ನೀರೆಲ್ಲ ಹೆಪ್ಪುಗಟ್ಟಿ, ಬಾಗಿಲಿಂದ ಗೇಟಿನ ತನಕ, ಗೇಟಿನಿಂದ ರಸ್ತೆಯ ತನಕ ಒಂದೇ ಗಾಜಿನ ಇಳಿಜಾರಾಗಿತ್ತು. ಊರ ರಕ್ಷಣಾ ದಳದ ನಾಯಕಿ ಬೆನ್ನ ಮೇಲೆ ಬಿದ್ದು, ಗೇಟು ದಾಟಿ, ರಸ್ತೆ ದಾಟಿ, ಎದುರು ಮನೆಯ ಹಿಮದ ರಾಶಿಯಲ್ಲಿ ಸೊಂಟದ ತನಕ ಹೂತುಹೋದಳು. ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಕೊನೆಗೂ ತಿಳಿಯಿತು.

ಅಲ್ಲಿಂದಲೇ ವಾಕಿಟಾಕಿ ಎತ್ತಿ ದಳವನ್ನು ಕರೆದಳು.

"ನಾನು ಕರೆದಿಲ್ಲ," ಎಂದು ಬಾರ್ದುರ್ ಬಾಗಿಲ ಹಿಂದಿನಿಂದ ಅರಚಿದ. "ಎಲ್ಲರೂ ಕೇಳಿಸ್ಕೊಳ್ಳಿ, ನಾನು ಕರೆದಿಲ್ಲ."

ಎರಡು ಗಾಡಿಯಲ್ಲಿ ಆರು ಜನ ಬಂದರು. ಮೊದಲು ಸೋಲ್ರುನಳನ್ನು ಎಳೆದು ನಿಲ್ಲಿಸಿದರು. ಆಮೇಲೆ ಬೂಟಿಗೆ ಮುಳ್ಳು ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಾರ್ದುರನ ನಾಲ್ಕು ಮೆಟ್ಟಿಲುಗಳನ್ನು ಹತ್ತಿದರು. ಬೀದಿಯವರೆಲ್ಲ ಕಾಫಿ ಹಿಡಿದುಕೊಂಡು ನಿಂತರು. ನಾನೂ ನಿಂತೆ. ಮುಕ್ಕಾಲು ಗಂಟೆ ಕೊಡಲಿ ಆಡಿತು. ಬಾಗಿಲು ಚೌಕಟ್ಟಿನ ಸಮೇತ ಕಿತ್ತುಬಂದಾಗ ಬಾರ್ದುರ್ ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದ.

"ಈ ಮನೆಯಿಂದ ಕರೆ ಹೋಗಿಲ್ಲ. ಬಂದ ದಾರಿ ಹಿಡೀರಿ."

"ಪಕ್ಕಕ್ಕೆ ಸರಿ ಮಾರಾಯ," ಎಂದ ಕೊಡಲಿಯವನು. "ನಿನ್ನನ್ನ ಕಾಪಾಡೋಕೆ ಯಾರು ಬಂದಿದ್ದಾರೆ? ಸೋಲ್ರುನ್‌ಗೆ ನಿದ್ದೆ ಬರ್ತಿದೆ."

ಅವಳು ಮಲಗುವ ಮುಂಚೆ ಅಡುಗೆಮನೆಯ ಮೇಜಿನ ಮೇಲೆ ದಳದ ಪುಸ್ತಕ ಬಿಚ್ಚಿದಳು.

"ಬರೀಲೇಬೇಕಾ?" ಬಾರ್ದುರ್ ಕೇಳಿದ. ಬೆಳಗಿನಿಂದ ಮೊದಲ ಸಲ ಅವನ ದನಿ ಸಣ್ಣದಾಗಿತ್ತು. "ಸೋಲ್ರುನ್, ಒಂದು ವರ್ಷ ಆಯ್ತು, ಕಾರ್ಖಾನೇಲಿ ನನ್ನನ್ನ ಯಾರೂ ಹೆಸರು ಹಿಡಿದು ಕರೆದಿಲ್ಲ."

ಅವಳು ತಲೆ ಎತ್ತಿ ನೋಡಿದಳು. ಗಂಡನ ಒದ್ದೆ ಕಾಲುಚೀಲ ನೋಡಿದಳು. ಅವಳಿಗೂ ಪಾಪ ಅನ್ನಿಸಿತು. "ಆರು ಜನ ಬಂದ ಮೇಲೆ ಬರೀದೇ ಇರೋಕಾಗಲ್ಲ. ಆದ್ರೆ ನಿನ್ನ ಹೆಸರು ಬರಿಯಲ್ಲ. ಆಯ್ತಾ?"

ಬರೆದು ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. ಕರೆದವರು: ಸೋಲ್ರುನ್. ಅಪಾಯದಲ್ಲಿ ಸಿಕ್ಕವರು: ಸೋಲ್ರುನ್. ಬಾರ್ದುರನ ಎದೆ ಉಬ್ಬಿತು. ಎಲ್ಲೂ ಅವನ ಹೆಸರಿಲ್ಲ, ಗೆದ್ದಿದ್ದ. ಆಮೇಲೆ ಕೊನೆಯ ಸಾಲು ಕಣ್ಣಿಗೆ ಬಿತ್ತು. ಅಪಾಯಕ್ಕೆ ಕಾರಣ: ಗಾಳಿ, ಹಿಮ, ಸಮುದ್ರ, ಇತರೆ. ಮೊದಲ ಮೂರನ್ನೂ ಹೊಡೆದುಹಾಕಿ, 'ಇತರೆ' ಎಂಬಲ್ಲಿ ಬರೆದಿದ್ದಳು: ಗಂಡನ ಮುನ್ನೆಚ್ಚರಿಕೆ.

"ಇದು ಅನ್ಯಾಯ," ಎಂದ ಬಾರ್ದುರ್. ಸಣ್ಣಗಾಗಿದ್ದ ದನಿ ಮತ್ತೆ ಮೊದಲಿನಂತಾಯಿತು. "ಕರೆಂಟು ಹೋಗಿದ್ದು ನನ್ನಿಂದಲಾ? ಪೈಪು ಕೆಲಸ ಮಾಡ್ತಿತ್ತು. ನಿನಗೆ ಫೋಟೋ ಕಳಿಸಿದ್ದೀನಿ."

"ಒಪ್ಪಿಗೆ ಇಲ್ಲದಿದ್ರೆ ಕೆಳಗೆ ಜಾಗ ಇದೆ. ಆಕ್ಷೇಪಣೆ ಬರೆದು ಸಹಿ ಹಾಕು. ನಾನು ಮಲಗ್ತೀನಿ."

ಬಾರ್ದುರ್ ಬಿಡುವವನಲ್ಲ. ಪೆನ್ನು ತೆಗೆದುಕೊಂಡು ಎರಡು ಪುಟ ಬರೆದ. ಪೈಪಿನ ತೂತುಗಳ ಲೆಕ್ಕ ಕೊಟ್ಟ. ಕಿಟಕಿಯೊಂದಕ್ಕೆ ನಲವತ್ತು ಮೊಳೆ ಏಕೆ ಬೇಕೆಂದು ವಿವರಿಸಿದ. ಟಪಾಲು ಕಿಂಡಿಯಲ್ಲಿ ಕುದಿನೀರು ಹೊಯ್ದದ್ದು ಬಾಗಿಲನ್ನು ತೆರೆಯುವ ಸದುದ್ದೇಶದಿಂದಲೇ ಹೊರತು ಮುಚ್ಚುವ ಉದ್ದೇಶದಿಂದ ಅಲ್ಲವೆಂದೂ, ನೀರು ಮರಳಿ ಬಂದು ಕಾಲುಚೀಲದ ಮೇಲೆ ಬಿದ್ದುದಕ್ಕೆ ತಾನು ಯಾರನ್ನೂ ದೂರುವುದಿಲ್ಲವೆಂದೂ, ಹಿಂಬಾಗಿಲಿನ ಮುಚ್ಚಳ ಈಗಲೂ ತನ್ನ ಸ್ಥಾನದಲ್ಲಿ ಅಚಲವಾಗಿದೆಯೆಂದೂ ಸ್ಪಷ್ಟಪಡಿಸಿದ. ಕೊನೆಗೆ ತನ್ನ ಪೂರ್ತಿ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ.

ಥೋರಿ ಔತಣದ ಸಮಿತಿಯವರು ಪ್ರತಿ ವರ್ಷ ಹಾಡು ಕಟ್ಟಲು ವಾರಗಟ್ಟಲೆ ತಿಣುಕುತ್ತಾರೆ. ಈ ಸಲ ಅವರು ಆ ಎರಡು ಪುಟಗಳ ಒಂದು ಅಕ್ಷರವನ್ನೂ ಬದಲಾಯಿಸದೆ ರಾಗವೊಂದನ್ನು ಮಾತ್ರ ಹಾಕಿದರು. ಕೊನೆಯ ಸಹಿಯನ್ನು ಇನ್ನೂರು ಜನ ಎದ್ದು ನಿಂತು ಮೂರು ಸಲ ಹಾಡಿದೆವು.