ಹಾಲು ಒಲೆಯ ಮೇಲಿದೆ

ಭೋಜರಾಜರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಯಾರ ಮನೆಗೆ ಹೋಗಿ ಬಂದರೂ ಗೇಟು ದಾಟಿದ ಕೂಡಲೇ ಮೊಬೈಲು ತೆಗೆದು, ನಕ್ಷೆಯಲ್ಲಿ ಆ ಮನೆಯ ಮೇಲೊಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ಆ ಮನೆಯವರ ಬಗ್ಗೆ ತಮ್ಮ ಅಭಿಪ್ರಾಯವನ್ನು ಬರೆದುಬಿಡುತ್ತಿದ್ದರು. ಚುಕ್ಕಿ ಇಡುವುದಕ್ಕೆ ಕಾರಣವಿತ್ತು. ಅವರು ಮಾಧವರಂ ಕನ್ನಡ ಬಳಗದ ಕಾರ್ಯದರ್ಶಿ. ಚೆನ್ನೈಯಲ್ಲಿ ಒಂದೇ ಹೆಸರಿನ ಬೀದಿ ಬಡಾವಣೆಗೊಂದರಂತೆ ಇರುವುದರಿಂದ, ವಿಳಾಸ ನಂಬಿ ಹೊರಟವರು ಯಾರದೋ ಮನೆಯ ಬಾಗಿಲು ತಟ್ಟಿ ಬರುತ್ತಿದ್ದರು. ಅಭಿಪ್ರಾಯ ಬರೆಯುವುದಕ್ಕೆ ಮಾತ್ರ ಯಾವ ಕಾರಣವೂ ಇರಲಿಲ್ಲ. ಅದು ಅವರ ಸ್ವಂತ ಸಂತೋಷಕ್ಕೆ.

ಮನೆಯವರ ಹೆಸರನ್ನು ಅಚ್ಚುಕಟ್ಟಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದರು, ಬಳಗದ ಮರ್ಯಾದೆ ನೋಡಿ. ಟಿಪ್ಪಣಿ ಮಾತ್ರ ಬಸ್‌ಸ್ಟಾಪಿನಲ್ಲಿ ನಿಂತು ಅವಸರದಲ್ಲಿ ಹೊಡೆದದ್ದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ ಕುರ್ಚಿ ಜೋಡಿಸಿ ಜೋಡಿಸಿ ಅವರ ಸೊಂಟ ಬಿದ್ದುಹೋಗಿತ್ತು. ಈಗ ಆ ಕುರ್ಚಿಗಳಲ್ಲಿ ನಡುವಿನದರ ಮೇಲೆ ಕೂರಬೇಕೆಂಬ ಆಸೆ. ಅಧ್ಯಕ್ಷ ಸೀತಾರಾಮ ಅವರು ರೈಲ್ವೆಯಿಂದ ಎಂದೋ ನಿವೃತ್ತರಾದವರು, ಅಧ್ಯಕ್ಷಗಿರಿಯಿಂದ ಈ ಭಾನುವಾರ ಸಂಜೆ ನಿವೃತ್ತರಾಗುವವರು. "ಮುಂದಿನ ಅಧ್ಯಕ್ಷ ನೀವೇ ಪಾ, ಸಭೇಲಿ ನಾನೇ ಹೆಸರು ಎತ್ತೀನಿ" ಎಂದು ಮಾತು ಕೊಟ್ಟಿದ್ದರು. ಈ ಒಂದು ಸಾಲು ಹೇಳಲು ಅವರಿಗೆ ಎರಡು ಗಂಟೆ ಹಿಡಿದಿತ್ತು. ಕೊನೆಗೆ ಭೋಜರಾಜರು ಎಂದಿನಂತೆ "ಹಾಲು ಒಲೆ ಮೇಲಿದೆ ಸಾರ್" ಎಂದು ಎದ್ದು ಓಡಿ ಬಂದಿದ್ದರು.

ಸಭೆ ಸಂಜೆ, ಸೀತಾರಾಮರ ಮನೆಯ ತಾರಸಿಯಲ್ಲಿ. ಅದಕ್ಕೆ ಮುಂಚೆ, ಬೆಳಗ್ಗೆಯಿಂದ ವ್ಯಾನಿನಲ್ಲಿ ಮನೆಮನೆಗೆ ಹೋಗಿ ರಾಜ್ಯೋತ್ಸವಕ್ಕೆ ಕರೆಯುವ ಕೆಲಸ. ಮನೆಗೇ ಬಂದು ಕುಂಕುಮ ಕೊಟ್ಟು ಕರೆಯದಿದ್ದರೆ ಬಳಗದ ಯಾವ ಹೆಂಗಸೂ ಹೊಸಲು ದಾಟುತ್ತಿರಲಿಲ್ಲ. ಹಾಗಾಗಿ ಸೀತಾರಾಮರ ಹೆಂಡತಿ ಗುಣವತಿಯವರೂ ಕುಂಕುಮದ ಭರಣಿಯೊಡನೆ ಹೊರಡುವವರಿದ್ದರು.

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಸೀತಾರಾಮರ ಫೋನು ಬಂತು. "ಭೋಜರಾಜ್, ಅಳಿಯ ಒಂದು ಜಿಪಿಎಸ್ ಪೆಟ್ಟಿಗೆ ಕೊಟ್ಟಿದಾನೆ. ಬಾಯಿಬಿಟ್ಟು ದಾರಿ ಹೇಳತ್ತೆ. ಈಗಲೇ ನಿಮ್ಮನೆಗೆ ಕಳಿಸ್ತೀನಿ. ನಿಮ್ಮ ನಕ್ಷೇನ ಅದಕ್ಕೆ ಹಾಕ್ಕೊಂಡು ಬಂದ್ಬಿಡಿ. ಒಂಬತ್ತಕ್ಕೆ ವ್ಯಾನು."

ಹಾಕಿಕೊಂಡು ಬರುವುದು ಸುಲಭವಿರಲಿಲ್ಲ. ಪೆಟ್ಟಿಗೆಗೆ ಬೇಕಾದ ಫೈಲಿನ ಜಾತಿಯೇ ಬೇರೆ, ಭೋಜರಾಜರ ನಕ್ಷೆಯ ಜಾತಿಯೇ ಬೇರೆ. ಒಂದನ್ನು ಇನ್ನೊಂದಾಗಿ ಬದಲಾಯಿಸುವ ತಂತ್ರಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಕೂತರು. ಮೊದಲ ಸಲ ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಬಳಗದ ಇಪ್ಪತ್ತನಾಲ್ಕು ಸಂಸಾರಗಳೂ ಉತ್ತರ ಧ್ರುವದ ಹತ್ತಿರ ಮಂಜಿನ ಸಮುದ್ರದಲ್ಲಿ ಬಿದ್ದವು. ಎರಡನೆಯ ಸಲ ಎಲ್ಲರೂ ಚೆನ್ನೈಗೆ ವಾಪಸು ಬಂದರು, ಆದರೆ ಹೆಸರುಗಳ ಜಾಗದಲ್ಲಿ ಬರೀ ಖಾಲಿ ಚೌಕಗಳು. ಪೆಟ್ಟಿಗೆಗೆ ಕನ್ನಡ ಲಿಪಿ ಬರುತ್ತಿರಲಿಲ್ಲ.

"ರೀ, ವ್ಯಾನು ಬಂದು ಹಾರ್ನ್ ಹೊಡೀತಿದೆ" ಎಂದು ಹೆಂಡತಿ ಜಲಜಾ ಅಡುಗೆಮನೆಯಿಂದ ಕೂಗಿದರು.

ಅಷ್ಟರಲ್ಲಿ ಪರದೆಯ ಮೇಲೆ ತಂತ್ರಾಂಶ ಒಂದು ಪ್ರಶ್ನೆ ಕೇಳಿತು. ಹೆಸರುಗಳನ್ನು ಓದಲಾಗುತ್ತಿಲ್ಲ, ಬದಲಿಗೆ ಟಿಪ್ಪಣಿಗಳನ್ನೇ ಹೆಸರಾಗಿ ಬಳಸಲೇ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಭೋಜರಾಜರು ವಿಮಾ ಕಂಪನಿಯಲ್ಲಿದ್ದವರು. ಮೂವತ್ತು ವರ್ಷ ಸಣ್ಣ ಅಕ್ಷರದ ಕೆಳಗೆ ಊರವರಿಂದ ಓದಿಸದೆ ಸಹಿ ಹಾಕಿಸಿದ ಮನುಷ್ಯ, ಅವತ್ತು ತಾವೂ ಓದದೆ 'ಆಗಲಿ' ಒತ್ತಿದರು.

ಮೊದಲ ಮನೆ ವಡಪಳನಿಯ ಜಯಲಕ್ಷ್ಮೀ ಅವರದು. ಬ್ಯಾಂಕಿನ ಕೆಲಸ, ಮನೆಯ ಎದುರುಗಡೆ ಸಿನಿಮಾ ಸ್ಟುಡಿಯೋ. ಜಯಲಕ್ಷ್ಮೀ ಇವರ ದಾರಿ ನೋಡುತ್ತಾ ಗೇಟಿನ ಹತ್ತಿರವೇ ನಿಂತಿದ್ದರು. ವ್ಯಾನು ನಿಲ್ಲುತ್ತಿದ್ದಂತೆ ಪೆಟ್ಟಿಗೆಯೊಳಗಿನ ವಿಲಾಯತಿ ಹೆಂಗಸು ದೊಡ್ಡ ದನಿಯಲ್ಲಿ ಹೇಳಿದಳು: "ಯು ಹ್ಯಾವ್ ಅರೈವ್ಡ್ ಅಟ್... ಖಾಪೀ ನೀರೂ. ಸಿನೇಮಾ ಖತೇ ಹೇಳ್ತಾರೇ. ನಂಬ್ಬೇಡೀ."

"ಎನ್ನ ಸಾರ್ ಇದು, ತೆಲುಂಗಾ?" ಎಂದು ಡ್ರೈವರ್ ತಮಿಳಿನಲ್ಲಿ ಕೇಳಿದ.

"ಇಂಗ್ಲಿಷೇ ಇರಬೇಕು, ಅಳಿಯ ಲಂಡನ್ನಿಂದ ತಂದಿದ್ದು" ಎಂದರು ಸೀತಾರಾಮ.

ಭೋಜರಾಜರಿಗೆ ಮಾತ್ರ ಅದು ಯಾವ ಭಾಷೆ, ಯಾರ ಟಿಪ್ಪಣಿ ಎಂದು ಕೂಡಲೇ ಗೊತ್ತಾಯಿತು. ಭಾಷೆ ಗೊತ್ತಾದವರು ಇನ್ನೊಬ್ಬರಿದ್ದರು. ಗುಣವತಿಯವರು ದಿನಾ ಬೆಳಗ್ಗೆ ಇಪ್ಪತ್ತು ಜನರಿಗೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲೇ ಶುಭೋದಯ ಕಳಿಸುವವರು.

"ಕನ್ನಡ ರೀ ಅದು" ಎಂದರು ಗುಣವತಿ. "ಕಾಫಿ ನೀರು ಅಂತಿದೆ. ಸಿನಿಮಾ ಕತೆ ಹೇಳ್ತಾರೆ, ನಂಬಬೇಡಿ ಅಂತಿದೆ."

ಜಯಲಕ್ಷ್ಮೀ ಮುಖ ಬೀಟ್‌ರೂಟಿನ ಹಾಗಾಯಿತು. "ಯಾರು ಬರೆದಿದ್ದು ಇದು?"

"ಕಂಪ್ಯೂಟರು ಮೇಡಂ, ಅದೇ ಏನೋ..." ಎಂದು ಭೋಜರಾಜರು ಪೆಟ್ಟಿಗೆಗೆ ಕೈ ಹಾಕಿದರು. ಸೀತಾರಾಮ ಆ ಕೈ ತಳ್ಳಿದರು. "ಅಳಿಯನ ಪೆಟ್ಟಿಗೆ, ಮುಟ್ಟಬೇಡಿ."

ಜಯಲಕ್ಷ್ಮೀ ಒಂದು ನಿಮಿಷ ಬುಸುಗುಟ್ಟಿದರು. ಕುಂಕುಮ ತೆಗೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಮುಂದಿನ ಮನೆ ಯಾರದು?"

"ಕಾಸಿಮೇಡು. ನಮ್ಮ ಜಯಪ್ರಕಾಶ್" ಎಂದರು ಸೀತಾರಾಮ.

"ತಡೀರಿ, ಚಪ್ಪಲಿ ಹಾಕ್ಕೊಂಡು ಬಂದೆ" ಎಂದು ಜಯಲಕ್ಷ್ಮೀ ವ್ಯಾನು ಹತ್ತಿ ಕಿಟಕಿಯ ಪಕ್ಕ ಕೂತರು.

ಕಾಸಿಮೇಡಿನ ಜಯಪ್ರಕಾಶ್, ತಮ್ಮ ಮನೆಗೆ ಯಾರು ಬಂದರೂ ಮೀನುಗಾರಿಕೆ ಬಂದರಿನ ಕಡೆ ಕೈ ತೋರಿಸಿ, "ಮೀನಿನ ವಾಸನೆ ನೋಡಿ, ಏನೂ ಮಾಡೋ ಹಾಗಿಲ್ಲ" ಎಂದು ಪೇಚಾಡುತ್ತಿದ್ದರು. ವ್ಯಾನು ಅವರ ಬಾಗಿಲಲ್ಲಿ ನಿಂತಾಗ ಪೆಟ್ಟಿಗೆ ಹೇಳಿತು: "ವಾಸನೇ ಮೀನಿಂದಲ್ಲಾ. ಸಾಕ್ಸಿಂದೂ."

ಜಯಲಕ್ಷ್ಮೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೈ ಕುಲುಕಿ ನಕ್ಕರು. "ನಿಜ ಹೇಳಬೇಕು ಅಂದ್ರೆ," ಎಂದರು, "ನನಗೂ ಅದೇ ಅನುಮಾನ ಇತ್ತು."

ಜಯಪ್ರಕಾಶ್ ಎತ್ತರದ ಆಳು. ನೇರವಾಗಿ ಭೋಜರಾಜರ ಮುಂದೆ ಬಂದು ನಿಂತರು. "ನಕ್ಷೆ ನಿಮ್ಮದಲ್ವಾ ಸಾರ್? ಕಂಪ್ಯೂಟರಿಗೆ ನನ್ನ ಸಾಕ್ಸ್ ವಾಸನೆ ಹೇಗೆ ಗೊತ್ತಾಯ್ತು?"

ಸಂಜೆಯ ನಡುವಿನ ಕುರ್ಚಿ ಭೋಜರಾಜರ ಕಣ್ಣೆದುರಿಗೇ ದೂರ ದೂರ ಹೋಗತೊಡಗಿತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: "ನಾನು ಬರೀ ಟೈಪ್ ಮಾಡಿದ್ದು ಸಾರ್. ಮಾತೆಲ್ಲ ನಮ್ಮ ಜಲಜಾದು. ಅವಳು ಹೇಳ್ತಾಳೆ, ನಾನು ಹೊಡೀತೀನಿ. ಹೆಂಡತಿ ಹೇಳಿದ್ದಕ್ಕೆ ಇಲ್ಲ ಅನ್ನೋಕಾಗತ್ತಾ?"

ಜಯಪ್ರಕಾಶ್ ಮದುವೆಯಾದವರು. ಕೋಪ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧ ಇಳಿದದ್ದು ಮುಂದಿನ ಮನೆ ಯಾರದು ಎಂದು ಕೇಳಿದ ಮೇಲೆ. ಅವರೂ ವ್ಯಾನು ಹತ್ತಿದರು.

ಆಮೇಲೆ ಪ್ರತಿ ಮನೆಯ ಮುಂದೆಯೂ ಇದೇ ನಡೆಯಿತು. ಮನೆಯವರು ಮೊದಲು ಸಿಡುಕುವುದು, ವ್ಯಾನಿನೊಳಗಿನವರು ನಗುವುದು, ಇವರೂ ಹತ್ತಿ ಮುಂದಿನ ಮನೆಗೆ ಕಿವಿ ನಿಮಿರಿಸಿ ಕೂರುವುದು. ಮಧ್ಯಾಹ್ನದ ಹೊತ್ತಿಗೆ ಸೀಟು ತುಂಬಿ ಗಂಡಸರು ನಿಂತಿದ್ದರು. ಯಾರನ್ನು ಕೇಳಿದರೂ ಒಂದೇ ಮಾತು: ನಮ್ಮ ಮನೆ ವಿಷಯ ಮಾತ್ರ ಶುದ್ಧ ಸುಳ್ಳು, ಮಿಕ್ಕಿದ್ದೆಲ್ಲ ಅಕ್ಷರಶಃ ನಿಜ. ಬಳಗದ ಯಾವ ಕಾರ್ಯಕ್ರಮದಲ್ಲೂ ಜನ ಇಷ್ಟು ಖುಷಿಯಾಗಿರಲಿಲ್ಲ.

ಭೋಜರಾಜರು ಮಾತ್ರ ಉಳಿದ ಚುಕ್ಕಿಗಳನ್ನು ಎಣಿಸುತ್ತಿದ್ದರು. ಕೊನೆಯ ಚುಕ್ಕಿ ಸೀತಾರಾಮರ ಮನೆ. ಅಲ್ಲಿ ಏನು ಬರೆದಿದ್ದೇನೆಂದು ಅವರಿಗೆ ಚೆನ್ನಾಗಿ ನೆನಪಿತ್ತು. ಮಾಧವರಂ ಡೇರಿ ಕಾಣುತ್ತಿದ್ದಂತೆ, "ಇನ್ನು ದಾರಿ ನನಗೇ ಗೊತ್ತು, ಪೆಟ್ಟಿಗೆ ಪಾಪ ಬಿಸಿಯಾಗಿದೆ, ಆರಿಸೋಣ" ಎಂದರು.

"ಇರಲಿ ಬಿಡಿ," ಎಂದರು ಗುಣವತಿ, "ನಮ್ಮನೆಗೂ ಏನೋ ಇರತ್ತಲ್ಲ."

ವ್ಯಾನು ನಿಂತಿತು. ಇಪ್ಪತ್ತೆಂಟು ಜನ ಪೆಟ್ಟಿಗೆಯ ಕಡೆ ಬಾಗಿದರು.

"ಮಾತೂ ಮುಗಿಯಲ್ಲಾ," ಎಂದಿತು ಪೆಟ್ಟಿಗೆ. "ಹಾಲೂ ಒಲೇ ಮೇಲಿದೇ ಅಂತಾ ಹೇಳೀ ಎದ್ದೂ ಬನ್ನೀ."

ಈ ಸಲ ಅರ್ಥ ಹೇಳಲು ಯಾರೂ ಬೇಕಾಗಲಿಲ್ಲ. ಸೀತಾರಾಮ ನಿಧಾನವಾಗಿ ತಿರುಗಿದರು. "ಹನ್ನೊಂದು ವರ್ಷದಿಂದ ನಿಮ್ಮ ಹಾಲು ಒಲೆ ಮೇಲೇ ಇದೆಯಲ್ಲ ಭೋಜರಾಜ್" ಎಂದರು.

"ಅದೂ ಜಲಜಾ ಹೇಳಿಕೊಟ್ಟಿದ್ದೇ ಸಾರ್."

ಸಂಜೆ ಜಲಜಾ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಹೊತ್ತು ತಾರಸಿ ಹತ್ತಿದಾಗ ಎಲ್ಲರೂ ಎದ್ದು ನಿಂತರು. ಚಿತ್ರಾನ್ನಕ್ಕಿರಬೇಕು ಎಂದುಕೊಂಡರು ಆಕೆ. ಸೀತಾರಾಮ ಗಂಟಲು ಸರಿಮಾಡಿಕೊಂಡು ಮೊದಲ ಸಲ ಒಂದೇ ನಿಮಿಷದಲ್ಲಿ ಮಾತು ಮುಗಿಸಿದರು. ಇಪ್ಪತ್ತನಾಲ್ಕು ಮನೆಗಳಲ್ಲಿ ಇಪ್ಪತ್ತಮೂರರ ಬಗ್ಗೆ ನಿಜ ಹೇಳುವ ಎದೆಗಾರಿಕೆ ಇರುವವರು ಈ ಬಳಗದಲ್ಲಿ ಒಬ್ಬರೇ, ಮುಂದಿನ ಅಧ್ಯಕ್ಷೆ ಶ್ರೀಮತಿ ಜಲಜಾ ಭೋಜರಾಜ. ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ಜಯಪ್ರಕಾಶ್.

ಜಲಜಾ ಗಂಡನ ಮುಖ ನೋಡಿದರು. ಗುಣವತಿ ಆಕೆಯ ಕಿವಿಯಲ್ಲಿ ಎಲ್ಲವನ್ನೂ ಊದಿದರು. ಜಲಜಾ ಗಂಡನ ಮುಖವನ್ನು ಇನ್ನೊಮ್ಮೆ ನೋಡಿದರು, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಭೋಜರಾಜರು ನಿಜ ಹೇಳಲು ಬಾಯಿ ತೆರೆದರು, ಜಯಪ್ರಕಾಶರ ಭುಜದ ಅಗಲ ನೋಡಿ ಮುಚ್ಚಿದರು.

"ಇಷ್ಟು ದಿನ ಮನೇಲಿ ಹೇಳ್ತಿದ್ದೆ, ಇನ್ನು ಬಳಗದಲ್ಲಿ ಹೇಳ್ತೀನಿ" ಎಂದರು ಜಲಜಾ. "ಕಾರ್ಯದರ್ಶಿ ಮಾತ್ರ ಹಳಬರೇ ಇರಲಿ. ಚೆನ್ನಾಗಿ ಟೈಪ್ ಮಾಡ್ತಾರೆ."

ಪೆಟ್ಟಿಗೆ ಹೊಸ ಅಧ್ಯಕ್ಷೆಯ ವಶಕ್ಕೆ ಬಂತು. ಎಲ್ಲರೂ ಆಕೆಯ ಮನೆಗೆ ಕಾಫಿಗೆ ಬರುವವರಿದ್ದರು, ಅರ್ಧ ಗಂಟೆ ಸಮಯವಿತ್ತು. ಮನೆಗೆ ಬಂದವರೇ ಜಲಜಾ ಗಂಡನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. "ಎಲ್ಲರ ಮನೆಗೂ ಬರೆದಿದೀರಿ, ನಮ್ಮನೆಗೆ ಚುಕ್ಕಿನೇ ಇಲ್ಲ. ನಾನು ಹೇಳ್ತೀನಿ, ಹೊಡೀರಿ."

ಭೋಜರಾಜರು ಹೊಡೆದರು. ಈ ಸಲ ತಂತ್ರಾಂಶದ ಸಣ್ಣ ಅಕ್ಷರವನ್ನೆಲ್ಲ ಎರಡೆರಡು ಬಾರಿ ಓದಿ ಫೈಲು ಬದಲಾಯಿಸಿ, ಪೆಟ್ಟಿಗೆಗೆ ತುಂಬಿ, ಇಪ್ಪತ್ತೆಂಟು ಲೋಟ ತೊಳೆಯಲು ಅಡುಗೆಮನೆಗೆ ಹೋದರು. ಬಾಗಿಲಲ್ಲಿ ವ್ಯಾನು ನಿಂತ ಸದ್ದಾಯಿತು. ಹಜಾರದಲ್ಲಿ ಜಲಜಾ ಪೆಟ್ಟಿಗೆಯ ಗುಂಡಿ ಒತ್ತಿದರು, ವಿಲಾಯತಿ ಹೆಂಗಸು ಬಂದವರಿಗೆಲ್ಲ ಕೇಳುವಂತೆ ಹೇಳಿದಳು:

"ಯು ಹ್ಯಾವ್ ಅರೈವ್ಡ್ ಅಟ್... ಅಧ್ಯಕ್ಷರ ಮನೇ. ಎಷ್ಟೂ ಹೊತ್ತಾದರೂ ಕೂತ್ಕೊಳೀ. ಖಾಪೀಗೆ ಕಾರ್ಯದರ್ಶೀನ ಕೇಳೀ. ಹಾಲೂ ಒಲೇ ಮೇಲಿದೇ."

ಅಂದು ಮಾತ್ರ ಅದು ನಿಜವಾಗಿಯೂ ಒಲೆಯ ಮೇಲಿತ್ತು. ಭೋಜರಾಜರು ತಿರುಗಿ ನೋಡುವಷ್ಟರಲ್ಲಿ ಉಕ್ಕಿ ಕೆಳಗೂ ಬಂತು.